ಕಾಯಕ, ವೃದ್ಧಾಪ್ಯ ಮತ್ತು ರಾಜಭಂಡಾರ

ಕಾಯಕದ ಮಹಿಮೆಯನ್ನು ಕುರಿತು ಈ ಮಾಸಪತ್ರಿಕೆಯಲ್ಲಿ ಅನೇಕ ವಿದ್ವಾಂಸರು ಬರೆದಿರುವರು. ವಾಚಕರೂ ಅದನ್ನು ಆದರದಿಂದ ಓದಿರುವರು. ದುಡಿಯುವ ಕೈಯ ಘನತೆಯನ್ನು ಶರಣರು ಎತ್ತಿ ಹಿಡಿದಂತೆ ಮತ್ತಾರೂ ಹಿಡಿದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಆದರೆ ಆ ಕೈ ನಡುಗತೊಡಗಿ, ಕಣ್ಣು ಮಂಜಾಗಿ, ಕಾಯಕವು ತಾನಾಗಿಯೇ ನಿಂತುಹೋದ ಮೇಲೆ ಆ ಮನುಷ್ಯನ ಗತಿಯೇನು, ಅವನ ಅನ್ನಕ್ಕೂ ಔಷಧಕ್ಕೂ ಯಾರು ಹೊಣೆ, ಆ ಹೊಣೆಯನ್ನು ಯಾವ ಭಾವದಿಂದ ಹೊರತಕ್ಕದ್ದು ಎಂಬ ಪ್ರಶ್ನೆಯು ನಮ್ಮ ಚರ್ಚೆಗಳಲ್ಲಿ ಅಷ್ಟಾಗಿ ಬಂದಂತೆ ಕಾಣೆನು. ನನಗೀಗ ಐವತ್ತೇಳು ವರುಷ. ಇನ್ನು ಮೂರು ವರುಷಕ್ಕೆ ಶಾಲೆಯ ಗಂಟೆ ನನ್ನನ್ನು ಕರೆಯುವುದಿಲ್ಲ. ಆದುದರಿಂದ ಈ ಪ್ರಶ್ನೆಯು ನನಗೆ ಪರರ ಪ್ರಶ್ನೆಯಾಗಿ ಉಳಿದಿಲ್ಲ.

ಅಂಕಲಿಯಲ್ಲಿ ನಮ್ಮ ಓಣಿಯ ಕೊನೆಯ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ವೃದ್ಧೆ ಇರುವರು. ಹುಡುಗಿಯಾಗಿದ್ದಾಗಿನಿಂದ ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿದವರು; ಮದುವೆಯಾಗಿ ಇಲ್ಲಿಗೆ ಬಂದ ತರುವಾಯ ಕೃಷ್ಣೆಯ ದಂಡೆಯ ಹೊಲಗಳಲ್ಲಿ ಕಬ್ಬಿನ ಕಳೆ ತೆಗೆದು, ರವದಿ ಸುಲಿದು ಬಾಳಿದವರು. ಸಂಧ್ಯಾ ಸುರಕ್ಷಾ ಯೋಜನೆಯಿಂದ ಅವರಿಗೆ ತಿಂಗಳಿಗೆ 1,200 ರೂಪಾಯಿ ಬರುತ್ತಿದ್ದಿತು. ಒಂದು ಕಾಗದದಲ್ಲಿ ಅವರ ಹೆಸರು ಒಂದು ರೀತಿಯಾಗಿಯೂ ಮತ್ತೊಂದರಲ್ಲಿ ಬೇರೆ ರೀತಿಯಾಗಿಯೂ ಬರೆಯಲ್ಪಟ್ಟಿದ್ದ ಕಾರಣ ಅದು ಐದು ತಿಂಗಳು ನಿಂತುಹೋಯಿತು. ಅಕ್ಷರ ಬಲ್ಲವನೆಂದು ನನ್ನನ್ನು ಜೊತೆಗೆ ಕರೆದುಕೊಂಡು ಅವರು ಕಚೇರಿಗೆ ಹೊರಟರು. ಮೂರು ಸಲ ಹೋದೆವು. ಒಂದು ಅಕ್ಷರಕ್ಕೆ ಹ್ರಸ್ವವೋ ದೀರ್ಘವೋ ಎಂಬ ಸಂದೇಹದಲ್ಲಿ ಒಂದು ಜೀವದ ಮಾತ್ರೆ-ಔಷಧ ಸಿಕ್ಕಿಬಿದ್ದಿರುವುದನ್ನು, ಇಷ್ಟು ವರುಷ ಮಕ್ಕಳಿಗೆ ವ್ಯಾಕರಣ ಕಲಿಸಿದ ನಾನು ಅಲ್ಲಿ ನಿಂತು ನೋಡಿದೆನು.

ಎರಡನೆಯ ಸಲ ಸರದಿಯಲ್ಲಿ ನಿಂತಿದ್ದಾಗ ಒಬ್ಬ ಪಕ್ಷದ ಕಾರ್ಯಕರ್ತನು ಅತ್ತ ಬಂದನು. ಯಾವ ಪಕ್ಷವೆಂದು ಹೇಳುವ ಅವಶ್ಯಕತೆಯಿಲ್ಲ. ಬೇರೆ ದಿನ ಹೋಗಿದ್ದರೆ ಬೇರೆ ಪಕ್ಷದವನು ಬಂದಿರುತ್ತಿದ್ದನು. “ಇದೆಲ್ಲಾ ನಮ್ಮ ಸಾಹೇಬ್ರ ಕೊಡಾಕತ್ತಾರ ಆಯಿ, ಓಟಿನಾಗ ನೆನಪ ಇಡು” ಎಂದು ಹೇಳಿ ಮುಂದಿನವರ ಕಡೆಗೆ ಹೋದನು. ಆಯಿ ಏನೂ ಮಾತಾಡಲಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ಬಹಳ ಹೊತ್ತು ಹೊರಗೆ ನೋಡುತ್ತ ಕುಳಿತಿದ್ದು ಕಡೆಗೆ ಕೇಳಿದರು: “ಮಾಸ್ತರ್ರ, ಈ ರೊಕ್ಕ ಖರೇನ ಯಾರ ಮನೀದು? ಆ ಸಾಹೇಬ್ರದಾ, ಸರಕಾರದ್ದಾ, ಏನ ನಾ ದುಡದದ್ದಾ?”

ತರ್ಕಶಾಸ್ತ್ರವನ್ನು ಓದದ ಆ ಮುದುಕಿ ಮೂರು ಪಕ್ಷಗಳನ್ನು ಎಷ್ಟು ಚೊಕ್ಕವಾಗಿ ಮುಂದಿರಿಸಿದರೆಂದು ನನಗೆ ಆಶ್ಚರ್ಯವಾಯಿತು. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಆಮೇಲೆ ನನ್ನಲ್ಲಿಯೇ ಮಥಿಸಿದುದನ್ನು ಇಲ್ಲಿ ವಾಚಕರ ಮುಂದೆ ಇರಿಸುತ್ತೇನೆ.

ದುಡಿಯಲಾರದವನನ್ನು ಪೋಷಿಸುವುದು ನಿನ್ನೆ ಮೊನ್ನೆಯ ಸರಕಾರಗಳು ಕಂಡುಹಿಡಿದ ಧರ್ಮವಲ್ಲ. ಬಾಲರು, ವೃದ್ಧರು, ರೋಗಿಗಳು, ಅನಾಥರು ಇವರ ಭರಣವನ್ನು ಕೌಟಿಲ್ಯನು ರಾಜನ ಕರ್ತವ್ಯಗಳಲ್ಲಿಯೇ ಸೇರಿಸಿರುವನು. ಕನ್ನಡ ನಾಡಿನಲ್ಲಿ ಯುದ್ಧದಲ್ಲಿ ಮಡಿದವನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ರಕ್ತಕ್ಕೆ ಪ್ರತಿಯಾಗಿ ಕೊಟ್ಟ ಕೊಡಗೆ ಎಂಬ ಆ ಶಬ್ದದಲ್ಲಿ ಔದಾರ್ಯದ ವಾಸನೆಗಿಂತ ಋಣದ ವಾಸನೆಯೇ ಹೆಚ್ಚು. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನವು ಇನ್ನೂ ಮನೋಹರವಾದುದು. ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದುದಲ್ಲದೆ ದೀನರು, ಕುರುಡರು, ಕುಂಟರು, ಕಿವುಡರು ಮೊದಲಾದವರಿಗೆ ಅನ್ನವೂ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದಿತೆಂದು ಅದರಿಂದ ತಿಳಿಯುತ್ತದೆ. ಅದು ಕಾಳಾಮುಖರ ಮಠ. ಕಾಲ ಬಿಜ್ಜಳನದು, ಎಂದರೆ ಬಸವಣ್ಣನವರದು. ಪಾಠಶಾಲೆಯೂ ದವಾಖಾನೆಯೂ ಅನ್ನಛತ್ರವೂ ಒಂದೇ ಸೂರಿನ ಕೆಳಗಿದ್ದ ಆ ಏರ್ಪಾಡನ್ನು ನೆನೆದಾಗಲೆಲ್ಲ ಮಠದ ಶಾಲೆಯ ಮಾಸ್ತರನಾದ ನನಗೆ ಒಂದು ಬಗೆಯ ಹೆಮ್ಮೆಯೂ ಒಂದು ಬಗೆಯ ನಾಚಿಕೆಯೂ ಆಗುವುದುಂಟು.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಆ ಶಾಸನಗಳಲ್ಲಿ ದಾನಿಯ ಹೆಸರು, ಬಿರುದು, ವಂಶಾವಳಿಗಳೇ ಅರ್ಧ ಕಲ್ಲನ್ನು ಆಕ್ರಮಿಸಿರುತ್ತವೆ. ಇಂದಿನ ಧಾನ್ಯದ ಚೀಲದ ಮೇಲೆ ಕಾಣುವ ಭಾವಚಿತ್ರಕ್ಕೂ ಅದಕ್ಕೂ ಜಾತಿಭೇದವೇನೂ ಇಲ್ಲ. ಆದರೆ ಒಂದು ಅಂತರವುಂಟು: ಅರಸನಿಗೆ ಕುರುಡನ ಮತ ಬೇಕಾಗಿರಲಿಲ್ಲ. ಕೊಟ್ಟ ಅನ್ನಕ್ಕೆ ಪ್ರತಿಫಲವನ್ನು ಅವನು ಪರಲೋಕದಲ್ಲಿ ನಿರೀಕ್ಷಿಸುತ್ತಿದ್ದನೇ ಹೊರತು ಮತಪೆಟ್ಟಿಗೆಯಲ್ಲಿ ಅಲ್ಲ.

ಶರಣರು ದಾನವೆಂಬ ಶಬ್ದವನ್ನು ಹಿಂದಿಟ್ಟು ದಾಸೋಹವೆಂಬ ಶಬ್ದವನ್ನು ಮುಂದಿಟ್ಟುದರ ಮರ್ಮ ಇಲ್ಲಿಯೇ ಇರುವುದು. ಸಂಧಿಯನ್ನು ಬಿಡಿಸಿದರೆ ‘ದಾಸಃ ಅಹಂ’. ನಾನು ಸೇವಕನು ಎಂದರ್ಥ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ಕೆಳಗೆ ನಿಲ್ಲುವನು. ಸ್ವೀಕರಿಸಿದವನು ಅವನನ್ನು ಧನ್ಯನನ್ನಾಗಿ ಮಾಡುವನು. ಕೆಲವು ವರುಷಗಳ ಹಿಂದೆ ಒಂದು ಸಭೆಯಲ್ಲಿ ಒಬ್ಬ ಹಿರಿಯರು, ವೃದ್ಧಾಪ್ಯವೇತನದಂತಹವು ಜನರನ್ನು ಸೋಮಾರಿಗಳನ್ನಾಗಿ ಮಾಡಿ ಕಾಯಕತತ್ತ್ವಕ್ಕೆ ಭಂಗ ತರುತ್ತವೆಂದು ಗಟ್ಟಿಯಾಗಿ ವಾದಿಸಿದರು. ಆಗ ನಾನು ಸುಮ್ಮನಿದ್ದೆನು. ಈಗ ಹೇಳುವುದಾದರೆ, ಎಪ್ಪತ್ತು ವರುಷದ ವೃದ್ಧೆ ಸೋಮಾರಿಯಾದಾಳೆಂದು ಭಯಪಡುವವರು ತಮ್ಮ ಎಪ್ಪತ್ತರಲ್ಲಿ ತಾವೇನು ಮಾಡುತ್ತಿರುವೆವೆಂದು ಮೊದಲು ನೋಡಿಕೊಳ್ಳಲಿ. ಕಾಯಕವು ಶಕ್ತಿಯುಳ್ಳವನ ಧರ್ಮ. ಶಕ್ತಿ ತೀರಿದವನಿಗೆ ಅದನ್ನು ಹೊರಿಸುವುದು ಧರ್ಮವಲ್ಲ, ಕ್ರೌರ್ಯ.

ರಾಜಭಂಡಾರದ ವಿಷಯದಲ್ಲಿ ಬಸವಣ್ಣನವರಷ್ಟು ಅಧಿಕಾರವಾಣಿಯಿಂದ ಮಾತಾಡಬಲ್ಲ ಧರ್ಮಗುರುಗಳು ಜಗತ್ತಿನಲ್ಲಿ ವಿರಳ. ಅವರು ಸ್ವತಃ ಭಂಡಾರಿಯಾಗಿದ್ದವರು. ಅರಸನ ಬೊಕ್ಕಸವನ್ನು ಜಂಗಮರಿಗೆ ಸವೆಸುತ್ತಿರುವನೆಂದು ಅವರ ಮೇಲೆ ಚಾಡಿ ಹೇಳಿದರೆಂದೂ, ಬಿಜ್ಜಳನು ಲೆಕ್ಕ ಕೇಳಿದಾಗ ಹಣವೆಲ್ಲ ಸರಿಯಾಗಿದ್ದಿತೆಂದೂ ಪುರಾಣಕಾರರು ಹೇಳುವರು. ಅಲ್ಲಿ ಪವಾಡವನ್ನು ಕಾಣುವವರು ಕಾಣಲಿ. ನನಗೆ ಕಾಣುವುದು ಇಷ್ಟೇ: ಬಸವಣ್ಣನವರು ಲೆಕ್ಕವನ್ನು ಒಪ್ಪಿಸಲು ಹಿಂಜರಿಯಲಿಲ್ಲ, ಮತ್ತು ತಮ್ಮ ಮಹಾಮನೆಯ ದಾಸೋಹವನ್ನೂ ಅರಸನ ಭಂಡಾರವನ್ನೂ ಒಂದರೊಳಗೊಂದು ಬೆರೆಸಲಿಲ್ಲ. ತಮ್ಮದನ್ನು ತಮ್ಮದಾಗಿ ಕೊಟ್ಟರು, ಅರಸನದನ್ನು ಅರಸನದಾಗಿ ಕಾದರು. ಅಂದು ಕಚೇರಿಯಲ್ಲಿ ಬಂದ ಕಾರ್ಯಕರ್ತನ ಮಾತು ಇದಕ್ಕೆ ತೀರ ವಿಪರೀತವಾದುದು. ಸಾರ್ವಜನಿಕ ಭಂಡಾರದಿಂದ ಬಂದ ಹಣಕ್ಕೆ ಅವನು ತನ್ನ ಸಾಹೇಬರ ಹೆಸರನ್ನು ಅಂಟಿಸಿದನು. ಆದುದರಿಂದ ಆಯಿಯ ಮೊದಲನೆಯ ಪಕ್ಷ ನಿಲ್ಲುವುದಿಲ್ಲ.

ಎರಡನೆಯದಾದ ‘ಸರಕಾರದ್ದು’ ಎಂಬುದು ನಿಂತಂತೆ ಕಂಡರೂ ಕೆಳಗೆ ನೆಲವಿಲ್ಲ. ಸರಕಾರವು ಉಳುವುದಿಲ್ಲ, ಬಿತ್ತುವುದಿಲ್ಲ. ನಮ್ಮ ಶಿಕ್ಷಕರ ಕೊಠಡಿಯಲ್ಲಿ ಆಗಾಗ ಒಂದು ದೂರು ಕೇಳಿಬರುತ್ತದೆ: ತೆರಿಗೆ ಕೊಡುವವರು ನಾವು, ತಿನ್ನುವವರು ಅವರು. ಆದಾಯ ತೆರಿಗೆಯೊಂದನ್ನೇ ತೆರಿಗೆಯೆಂದು ತಿಳಿದುದರ ಫಲವಿದು. ಆಯಿ ಕೊಳ್ಳುವ ಸಾಬೂನಿನಲ್ಲಿ ತೆರಿಗೆಯುಂಟು, ಮಗನ ಮೋಟಾರು ಸೈಕಲ್ಲಿನ ಪೆಟ್ರೋಲಿನಲ್ಲಿ ಉಂಟು. ಅದಿರಲಿ, ತಂಬಾಕಿನ ಮೇಲೆ ಕೇಂದ್ರದ ಅಬಕಾರಿ ಸುಂಕವು 1943ರಲ್ಲಿಯೇ ಬಂದಿತು. ವಖಾರಿಯ ಧೂಳಿನಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ಆ ಹೆಣ್ಣುಮಗಳು ಜರಡಿ ಹಿಡಿದ ತಂಬಾಕಿನಿಂದ ಭಂಡಾರಕ್ಕೆ ಹರಿದ ಹಣವನ್ನು ಯಾರು ಲೆಕ್ಕ ಹಾಕಿದ್ದಾರೆ? 1981ರಲ್ಲಿ ತಂಬಾಕಿನ ಬೆಳೆಗಾರರು ನಿಪ್ಪಾಣಿಯ ಹೆದ್ದಾರಿಯಲ್ಲಿ ಕುಳಿತು ನ್ಯಾಯವಾದ ಬೆಲೆಯನ್ನು ಕೇಳಿದರು. ಏಪ್ರಿಲ್ 6ರಂದು ಗೋಲೀಬಾರಾಗಿ ರೈತರು ಪ್ರಾಣ ತೆತ್ತರು. ಬೆಳೆದವರ ಹೆಸರಿನಲ್ಲಿ ಒಂದು ಚಳವಳಿಯಾದರೂ ಇತಿಹಾಸದಲ್ಲಿ ಉಳಿಯಿತು. ಜರಡಿ ಹಿಡಿದವರ ಮುಪ್ಪಿಗೆ ಉಳಿದುದು ಈ 1,200 ರೂಪಾಯಿ.

ಹೀಗೆ ಮೂರನೆಯ ಪಕ್ಷವೇ, ಎಂದರೆ ‘ನಾ ದುಡದದ್ದು’ ಎಂಬುದೇ ಸಿದ್ಧಾಂತವಾಗಬೇಕೆಂದು ತೋರುತ್ತದೆ. ಇದಕ್ಕೆ ನ್ಯಾಯಾಲಯದ ಆಧಾರವೂ ಉಂಟು. ನಕಾರಾ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು 1982ರ ಡಿಸೆಂಬರ್ 17ರಂದು ತೀರ್ಪನ್ನಿತ್ತು, ನಿವೃತ್ತಿವೇತನವು ಧಣಿಯ ಕೃಪೆಯೂ ಅಲ್ಲ, ಬಹುಮಾನವೂ ಅಲ್ಲ, ಹಿಂದೆ ಸಲ್ಲಿಸಿದ ಸೇವೆಗೆ ಸಲ್ಲತಕ್ಕ ಹಕ್ಕು ಎಂದು ಸಾರಿತು. ಆ ದಿನವನ್ನು ನಿವೃತ್ತರು ಇಂದಿಗೂ ತಮ್ಮ ದಿನವಾಗಿ ಆಚರಿಸುವರು. ಆದರೆ ಆ ತೀರ್ಪು ಸರಕಾರಿ ಸೇವೆಯಲ್ಲಿದ್ದವರನ್ನು ಕುರಿತದ್ದು. ವಖಾರಿಯಲ್ಲಿ ಸಲ್ಲಿಸಿದ್ದು ಸೇವೆಯಲ್ಲವೇ? ಕಬ್ಬಿನ ಹೊಲದಲ್ಲಿ ಸಲ್ಲಿಸಿದ್ದು? ಆ ಸೇವೆಯ ಬೆಲೆಯನ್ನು ದೇಶವು ಹೇಗೆ ಕಟ್ಟಿದೆಯೆಂಬುದನ್ನು ನೋಡಿರಿ. ರಾಷ್ಟ್ರೀಯ ಸಾಮಾಜಿಕ ನೆರವಿನ ಕಾರ್ಯಕ್ರಮವು 1995ರ ಆಗಸ್ಟ್ 15ರಂದು ಪ್ರಾರಂಭವಾದಾಗ ಬಡ ವೃದ್ಧರಿಗೆ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. 2006ರಲ್ಲಿ ಅದು 200 ಆಯಿತು. ಎಂಬತ್ತು ದಾಟಿದವರಿಗೆ ಮುಂದೆ 500 ಆದರೂ, ಎಂಬತ್ತರ ಒಳಗಿನವರಿಗೆ 2025ರಲ್ಲಿಯೂ ಅದೇ 200. ನಮ್ಮ ರಾಜ್ಯವು 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ತಂದು, ಮೊತ್ತವನ್ನು ಕ್ರಮೇಣ ಹೆಚ್ಚಿಸಿ 1,200ಕ್ಕೆ ಮುಟ್ಟಿಸಿತು.

ಈಗ ನನ್ನ ಕಡೆಗೆ ತಿರುಗಬೇಕಾಗಿದೆ. ಇಲ್ಲಿಯವರೆಗೆ ಬರೆದುದು ಸುಲಭವಾಗಿದ್ದಿತು. ಮುಂದಿನದು ಅಷ್ಟು ಸುಲಭವಲ್ಲ.

ನಾನು ಅನುದಾನಿತ ಶಾಲೆಯಲ್ಲಿ 1997ರಲ್ಲಿ ಸೇವೆಗೆ ಸೇರಿದವನು. ಹಳೆಯ ನಿಯಮದಂತೆ ಕಡೆಯ ವೇತನದ ಅರ್ಧದಷ್ಟು ನಿವೃತ್ತಿವೇತನವು ನನಗೆ ಜೀವಾವಧಿ ಬರತಕ್ಕದ್ದು; ನನ್ನ ಅನಂತರ ಮನೆಯವರಿಗೂ ಒಂದು ಪಾಲು ಉಂಟು. ನನ್ನ ಕೈಯಲ್ಲಿ ಅಮರಕೋಶವನ್ನು ಕಲಿತ ಒಬ್ಬ ಶಿಷ್ಯನು 2008ರಲ್ಲಿ ಸರಕಾರಿ ಶಾಲೆಯ ಶಿಕ್ಷಕನಾದನು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ತರುವಾಯ ಸೇರಿದವರಿಗೆ ಹೊಸ ಪದ್ಧತಿ: ಅವನ ವೇತನದಿಂದ ನೂರಕ್ಕೆ ಹತ್ತು ಭಾಗ ಕಡಿದು, ಅದಕ್ಕೆ ಸರಕಾರವೂ ತನ್ನ ಪಾಲನ್ನು ಕೂಡಿಸಿ ಹೂಡುತ್ತಾರೆ, ಕೊನೆಗೆ ಮಾರುಕಟ್ಟೆ ಕೊಟ್ಟಷ್ಟು. ಅದೇ ಪಾಠ, ಅದೇ ಸುಣ್ಣದ ಕಡ್ಡಿ, ಅದೇ ಗಂಟಲುನೋವು. ನಡುವೆ ಒಂದು ತಾರೀಖು. ಅತ್ತ ಆಯಿಗೆ 1,200. 2024ರ ಆಗಸ್ಟ್ 1ರಿಂದ ಏಳನೆಯ ವೇತನ ಆಯೋಗದ ಶಿಫಾರಸು ಜಾರಿಯಾದ ಮೇಲೆ ರಾಜ್ಯದ ನಿವೃತ್ತ ನೌಕರರ ಕನಿಷ್ಠ ನಿವೃತ್ತಿವೇತನವೇ ತಿಂಗಳಿಗೆ 13,500 ರೂಪಾಯಿ. ಕನಿಷ್ಠವೆಂಬುದನ್ನು ಗಮನಿಸಬೇಕು. ಹನ್ನೊಂದು ಮಂದಿ ಆಯಂದಿರಿಗೆ ಹಂಚುವಷ್ಟು ಹಣವು ನಮ್ಮಲ್ಲಿ ಅತ್ಯಂತ ಕೆಳಗಿನವನಿಗೆ ಸಲ್ಲುತ್ತದೆ.

ಆಯ್ದಕ್ಕಿ ಮಾರಯ್ಯನ ಕಥೆ ವಾಚಕರಿಗೆ ಹೊಸದಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಅವನದು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮನು ಅದನ್ನು ಮುಟ್ಟದೆ, ಬೇಕಾದಷ್ಟನ್ನು ಉಳಿಸಿ ಮಿಕ್ಕುದನ್ನು ಚೆಲ್ಲಿದ್ದಲ್ಲಿಯೇ ಚೆಲ್ಲಿ ಬಾ ಎಂದು ಕಳಿಸಿದಳು. ತರಗತಿಯಲ್ಲಿ ಈ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಮಕ್ಕಳ ಕಣ್ಣರಳುವುದನ್ನು ಕಂಡು ಸಂತೋಷಪಟ್ಟಿದ್ದೇನೆ. ನನ್ನ ನಿವೃತ್ತಿವೇತನದ ಮೊತ್ತವನ್ನು ಮೊದಲ ಸಲ ಕಾಗದದ ಮೇಲೆ ಲೆಕ್ಕ ಹಾಕಿದ ರಾತ್ರಿ ಲಕ್ಕಮ್ಮನು ಅಡಿಗೆಮನೆಯ ಬಾಗಿಲಲ್ಲಿ ನಿಂತಂತಾಯಿತು. ಹಕ್ಕು ಎಂಬ ಮಾತು ನ್ಯಾಯಾಲಯದಲ್ಲಿ ಸಾಕು. ಆದರೆ ಅವಳು ಕೇಳುತ್ತಿದ್ದುದು ಹಕ್ಕನ್ನು ಕುರಿತಲ್ಲ, ಅಳತೆಯನ್ನು ಕುರಿತು.

ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು. 2023ರ ಮಾರ್ಚ್ 1ರಂದು ರಾಜ್ಯದ ನೌಕರರು ಮುಷ್ಕರ ಹೂಡಿದರು. ವೇತನದ ಪರಿಷ್ಕರಣೆಯೂ ಹಳೆಯ ನಿವೃತ್ತಿವೇತನ ಪದ್ಧತಿಯೂ ಅಂದಿನ ಬೇಡಿಕೆಗಳು. ಅದೇ ದಿನ ಸರಕಾರವು ನೂರಕ್ಕೆ ಹದಿನೇಳರಷ್ಟು ಮಧ್ಯಂತರ ಪರಿಹಾರವನ್ನು ಘೋಷಿಸಿತು, ಮುಷ್ಕರ ಹಿಂದೆಗೆಯಲ್ಪಟ್ಟಿತು. ಇಷ್ಟು ಶೀಘ್ರವಾಗಿ ಕೆಲಸವಾದುದಕ್ಕೆ ಕಾರಣವನ್ನು ಹುಡುಕಬೇಕಾಗಿಲ್ಲ. ಮೇ ತಿಂಗಳಲ್ಲಿ ವಿಧಾನಸಭೆಯ ಚುನಾವಣೆಯಿದ್ದಿತು. ಹಳೆಯ ಪದ್ಧತಿ ತರುವವರಿಗೇ ನಮ್ಮ ಮತವೆಂಬ ಮಾತನ್ನು ನಮ್ಮ ಕೊಠಡಿಯಲ್ಲಿಯೂ ಆಡಿದೆವು, ನಾನೂ ತಲೆದೂಗಿದೆನು. ಅದೇ ಬೇಸಗೆಯಲ್ಲಿ, ತಿಂಗಳಿಗೆ ಎರಡು ಸಾವಿರದ ಆಸೆಗೆ ಮತ ಹಾಕುವ ಹೆಣ್ಣುಮಕ್ಕಳನ್ನು ಅದೇ ಕೊಠಡಿಯಲ್ಲಿ ನಾವು ಹೀಗಳೆದೆವು. ಅವರದು ಆಮಿಷ, ನಮ್ಮದು ಬೇಡಿಕೆ! ವಿದ್ಯಾವಂತನಿಗೆ ಶಬ್ದಗಳ ಕೊರತೆ ಎಂದೂ ಇರುವುದಿಲ್ಲ.

ನನ್ನ ಶಿಷ್ಯನ ಬೇಡಿಕೆ ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಮುಪ್ಪಿನಲ್ಲಿ ಎಷ್ಟು ಬರುವುದೆಂದು ತಿಳಿಯದೆ ಬಾಳುವುದು ಕಷ್ಟ. ಕೇಂದ್ರ ಸರಕಾರವೂ ಇದನ್ನು ಮನಗಂಡು 2025ರ ಏಪ್ರಿಲ್ 1ರಿಂದ ತನ್ನ ನೌಕರರಿಗೆ ಏಕೀಕೃತ ಪದ್ಧತಿಯೊಂದನ್ನು ತಂದಿತು. ಇಪ್ಪತ್ತೈದು ವರುಷ ದುಡಿದವರಿಗೆ ಕಡೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧ, ಹತ್ತು ವರುಷ ದುಡಿದವರಿಗೂ 10,000ಕ್ಕೆ ಕಡಿಮೆಯಿಲ್ಲದಷ್ಟು ಎಂಬ ಭರವಸೆ ಅದರಲ್ಲಿದೆ. ನನ್ನ ಮಾತು ಇಷ್ಟೇ: ಸಂಘವಿದ್ದವನ ಮುಪ್ಪು ಬೇಗನೆ ಕಣ್ಣಿಗೆ ಬೀಳುತ್ತದೆ, ಸಂಘವಿಲ್ಲದವಳ ಮುಪ್ಪು ಹ್ರಸ್ವ-ದೀರ್ಘಗಳ ನಡುವೆ ಐದು ತಿಂಗಳು ನಿಲ್ಲುತ್ತದೆ.

ರೋಗದ ವಿಷಯದಲ್ಲಿ ಈ ಗಡಿಸೀಮೆಯ ಅನುಭವವು ಒಳನಾಡಿನವರಿಗೆ ತಿಳಿಯದಂತಹದು. ನಮ್ಮ ಕಡೆಯಲ್ಲಿ ‘ಮಿರಜಿಗೆ ಒಯ್ದರಂತೆ’ ಎಂದರೆ ಬೇನೆ ದೊಡ್ಡದೆಂದೇ ಅರ್ಥ. ವಾನ್ಲೆಸ್ ಎಂಬ ಮಿಶನರಿ ವೈದ್ಯರು 1894ರಲ್ಲಿ ಅಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿದಂದಿನಿಂದ ಚಿಕ್ಕೋಡಿ, ರಾಯಬಾಗ, ಅಥಣಿಗಳ ರೋಗಿಗಳಿಗೆ ಆ ಊರೇ ಧನ್ವಂತರಿ ಕ್ಷೇತ್ರ. ಅಂದು ಇಂದಿನ ಈ ರಾಜ್ಯಗಡಿ ಇರಲಿಲ್ಲ. 1956ರಲ್ಲಿ ರಾಜ್ಯಗಳ ಗೆರೆ ಬದಲಾಯಿತು. ರೋಗಗಳು ಆ ಗೆರೆಯನ್ನು ಅರಿಯವು. ಆಯಿಯ ಮಗನಿಗೆ ಒಂದು ರಾತ್ರಿ ಎದೆನೋವು ಕಾಣಿಸಿಕೊಂಡಾಗ ಕೃಷ್ಣೆಯನ್ನು ದಾಟಿ ಕಾಗವಾಡದ ಮೇಲೆ ಅವನನ್ನು ಗಡಿಯಾಚೆಯ ಒಂದು ಆಸ್ಪತ್ರೆಗೆ ಒಯ್ದೆವು. ಬಡ ಕುಟುಂಬಕ್ಕೆ ವರುಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಉಚಿತವೆಂಬ ಕಾರ್ಡು ಅವನ ಕಿಸೆಯಲ್ಲಿದ್ದಿತು. ಇದು ಇಲ್ಲಿ ನಡೆಯುವುದಿಲ್ಲವೆಂದರು. ವಾದಿಸಲು ಅದು ಹೊತ್ತಲ್ಲ. ಬೆಳಗಾಗುವುದರೊಳಗೆ ಆಯಿಯ ಬೋರಮಾಳ ಒತ್ತೆ ಬಿದ್ದಿತು. ಮಗ ಉಳಿದನು, ಬೋರಮಾಳ ಇನ್ನೂ ಬಿಡಿಸಿಕೊಂಡಿಲ್ಲ.

2023ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರಕಾರವು ತಾನು ಹಕ್ಕು ಹೇಳುವ ಕರ್ನಾಟಕದ 865 ಗಡಿಗ್ರಾಮಗಳಿಗೆ ತನ್ನ ಆರೋಗ್ಯ ವಿಮೆಯನ್ನು ವಿಸ್ತರಿಸಿ ಹಣವನ್ನೂ ತೆಗೆದಿರಿಸಿತು. ನಮ್ಮ ಸರಕಾರವು ಅದನ್ನು ಖಂಡಿಸಿತು. ನಾನು ಕನ್ನಡಿಗನು, ಈ ನೆಲ ಕರ್ನಾಟಕದ್ದೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಪತ್ರಿಕಾವಾರ್ತೆಗಳನ್ನು ಓದುವಾಗ ಆ ರಾತ್ರಿ ನೆನಪಾಯಿತು. ಒಂದು ಸರಕಾರವು ಚಿಕಿತ್ಸೆಯನ್ನು ಧ್ವಜವನ್ನಾಗಿ ನೆಟ್ಟಿತು, ಮತ್ತೊಂದು ಆ ಧ್ವಜವನ್ನು ಕೀಳಲು ಧಾವಿಸಿತು. ಹಾಸಿಗೆಯ ಮೇಲಿದ್ದವನನ್ನು ಇಬ್ಬರೂ ನೋಡಿದಂತೆ ಕಾಣಲಿಲ್ಲ. ಕೊಡತಕ್ಕದ್ದನ್ನು ಕೊಡುವವನ ಹೆಸರಿಗಾಗಿ ಕೊಟ್ಟರೆ ಹೀಗಾಗುವುದು ಸಹಜ.

ಹಾಗೆಂದು ಈ ಯೋಜನೆಗಳು ವ್ಯರ್ಥವೆಂದು ಯಾರೂ ಹೇಳಬಾರದು. 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಪ್ರಾರಂಭವಾದ ವಾಜಪೇಯಿ ಆರೋಗ್ಯಶ್ರೀಯನ್ನು ಕುರಿತು ವಿದ್ವಾಂಸರು ಪರೀಕ್ಷೆ ನಡೆಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಯೋಜನೆಯಿದ್ದ ಸೀಮೆಯ ಅಂಚಿನ ಹಳ್ಳಿಗಳನ್ನೂ ಇಲ್ಲದ ಸೀಮೆಯ ಅಂಚಿನ ಹಳ್ಳಿಗಳನ್ನೂ ಹೋಲಿಸಿ ನೋಡಿದಾಗ, ಯೋಜನೆಯ ವ್ಯಾಪ್ತಿಯ ರೋಗಗಳಿಂದ ಬಡ ಕುಟುಂಬಗಳಲ್ಲಾದ ಮರಣವು ಇಲ್ಲದ ಕಡೆ ನೂರಕ್ಕೆ 0.90, ಇದ್ದ ಕಡೆ 0.32. ಗೆರೆಯ ಈಚೆ ಉಳಿದ ಜೀವ ಗೆರೆಯ ಆಚೆ ಹೋಗುತ್ತಿದ್ದಿತೆಂದಾಯಿತು. ಇಂತಹ ಅಂಕಿಯನ್ನು ಕಂಡ ಮೇಲೆ ಭಂಡಾರದ ಹಣ ಹೀಗೆ ವೆಚ್ಚವಾಗಬಾರದೆನ್ನುವ ಧೈರ್ಯ ನನಗಿಲ್ಲ.

ಇವುಗಳಲ್ಲೆಲ್ಲ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದುದು ಯಶಸ್ವಿನಿ. ಸಹಕಾರಿ ಸಂಘಗಳ ರೈತಸದಸ್ಯರಿಗಾಗಿ 2003ರಲ್ಲಿ ಅದು ಕಾರ್ಯರೂಪಕ್ಕೆ ಬಂದಾಗ ಪ್ರತಿಯೊಬ್ಬನೂ ತಿಂಗಳಿಗೆ ಐದು ರೂಪಾಯಿ ಕೊಡಬೇಕಾಗಿದ್ದಿತು. ಸರಕಾರವು ಎರಡೂವರೆ ರೂಪಾಯಿ ಕೂಡಿಸುತ್ತಿದ್ದಿತು. ಐದು ರೂಪಾಯಿ ಅಲ್ಪ. ಆದರೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದವನು ಯಾವ ಸಾಹೇಬರ ಋಣಿಯೂ ಆಗಿರಲಿಲ್ಲ. ಆರೋಗ್ಯವಂತನಾದ ಇನ್ನೊಬ್ಬ ರೈತನ ಐದು ರೂಪಾಯಿ ಅವನ ನೆರವಿಗಿದ್ದಿತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ನೆಟ್ಟ ಸಹಕಾರದ ಬೀಜವು ಇಂತಹ ಫಲವನ್ನೂ ಬಿಟ್ಟಿತು. 2018ರಲ್ಲಿ ಯಶಸ್ವಿನಿಯನ್ನು ನಿಲ್ಲಿಸಿ ಬೇರೆ ಯೋಜನೆಯಲ್ಲಿ ಬೆರೆಸಿದರು. 2022ರಲ್ಲಿ, ಗ್ರಾಮೀಣ ಕುಟುಂಬಕ್ಕೆ ವರುಷಕ್ಕೆ 500 ರೂಪಾಯಿಯ ವಂತಿಗೆಯೊಡನೆ, ಮತ್ತೆ ತಂದರು.

ಇನ್ನು ಸಾಲದ ಮಾತು. 2025–26ರ ರಾಜ್ಯದ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ, ಎಂದರೆ ರೂಪಾಯಿಗೆ ಹನ್ನೆರಡೂವರೆ ಪೈಸೆ. ಆರೋಗ್ಯ ಇಲಾಖೆಗೆ 17,473 ಕೋಟಿ, ರೂಪಾಯಿಗೆ ನಾಲ್ಕು ಪೈಸೆಯ ಸುಮಾರು. ಬರುವ ರೂಪಾಯಿಯಲ್ಲಿ ಇಪ್ಪತ್ತೆಂಟು ಪೈಸೆ ಸಾಲದ್ದು. ಅದೇ ವರುಷದ ರಾಜಸ್ವ ಕೊರತೆ 19,262 ಕೋಟಿಯೆಂದು ಅಂದಾಜು ಮಾಡಲಾಗಿದ್ದಿತು. ಕೆರೆಗೆ, ಸೇತುವೆಗೆ ಮಾತ್ರವಲ್ಲದೆ ನಿತ್ಯದ ವೆಚ್ಚಕ್ಕೂ ಸಾಲವೆಂದು ಇದರ ಅರ್ಥ. ಸಾಲಕ್ಕೆ ಮಿತಿಯನ್ನು ತಾನೇ ಹಾಕಿಕೊಂಡ ಮೊದಲ ರಾಜ್ಯ ನಮ್ಮದು. 2002ರ ಹಣಕಾಸು ಹೊಣೆಗಾರಿಕೆಯ ಕಾಯಿದೆ ನಮ್ಮ ಹೆಮ್ಮೆ. ರಾಜ್ಯದ ಒಟ್ಟು ಉತ್ಪನ್ನದ ನೂರಕ್ಕೆ ಇಪ್ಪತ್ತೈದನ್ನು ಹೊಣೆಗಾರಿಕೆಗಳು ಮೀರಬಾರದೆಂಬ ಮಿತಿಯೆದುರು 2025–26ರ ಅಂದಾಜು 24.91. ಮಿತಿಯ ಒಳಗೆ ಇದ್ದೇವೆ, ಗೋಡೆಗೆ ಬೆನ್ನು ತಗುಲಿಸಿಕೊಂಡು.

ಈ ಭಾರವನ್ನು ಒಂದು ಪಕ್ಷದ ಮೇಲೆ ಹೊರಿಸಿ ಕೈ ತೊಳೆಯಲಾಗದು. 2023ರಲ್ಲಿ ಗೆದ್ದವರು ಗೃಹಿಣಿಗೆ ತಿಂಗಳಿಗೆ 2,000 ಎಂದರೆ, ಸೋತವರು ಬಡ ಕುಟುಂಬಕ್ಕೆ ನಿತ್ಯ ಅರ್ಧ ಲೀಟರು ಹಾಲು, ವರುಷಕ್ಕೆ ಮೂರು ಸಿಲಿಂಡರು ಎಂದಿದ್ದರು. ಮಹಾರಾಷ್ಟ್ರದಲ್ಲಿ 2024ರ ನವೆಂಬರ್ ಚುನಾವಣೆಗೆ ಕೆಲವೇ ತಿಂಗಳು ಮೊದಲು ಅಕ್ಕತಂಗಿಯರಿಗೆ 1,500 ಬರತೊಡಗಿತು. ಗಡಿಯಾಚೆ ಮಗಳನ್ನು ಕೊಟ್ಟ ನಮ್ಮೂರ ತಾಯಂದಿರು ಹಬ್ಬಕ್ಕೆ ಬಂದ ಮಗಳೊಡನೆ ಎರಡು ಸರಕಾರಗಳ ಔದಾರ್ಯವನ್ನು ತೂಗಿ ನೋಡುವುದನ್ನು ನಾನು ಕೇಳಿದ್ದೇನೆ. ಅವರನ್ನು ನಾನು ದೂರಲಾರೆ. ಆ ಎರಡು ಸಾವಿರದಿಂದಲೇ ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳು ಮೊದಲ ಸಲ ಕೇಳದೆ ಔಷಧ ಕೊಂಡಿದ್ದಾಳೆ. ಚುನಾವಣಾ ಪ್ರಣಾಳಿಕೆಯ ಭರವಸೆಯು ಭ್ರಷ್ಟ ಆಚರಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವೂ 2013ರಲ್ಲಿ ಹೇಳಿರುವುದು.

ಆದರೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತದೆ. ದೇವಋಣ, ಋಷಿಋಣ, ಪಿತೃಋಣವೆಂದು ಮೂರು ಋಣಗಳನ್ನು ಶಾಸ್ತ್ರಕಾರರು ಹೇಳಿದರು. ಮೂರೂ ಹಿಂದಿನವರಿಗೆ ನಾವು ತೀರಿಸತಕ್ಕವು. ಮುಂದಿನವರ ಹೆಸರಿನಲ್ಲಿ ನಾವು ಮಾಡುವ ಸಾಲಕ್ಕೆ ಶಾಸ್ತ್ರದಲ್ಲಿ ಹೆಸರೇ ಇಲ್ಲ. ಪ್ರಾಯಶಃ ಅಂತಹದನ್ನು ಯಾರಾದರೂ ಮಾಡುವರೆಂದು ಅವರಿಗೆ ಹೊಳೆದಿರಲಾರದು. ನನ್ನ ನಿವೃತ್ತಿವೇತನವನ್ನೂ ಆಯಿಯ 1,200ನ್ನೂ ಸಾಹೇಬರ ಮುಂದಿನ ಭರವಸೆಯನ್ನೂ ತೀರಿಸಬೇಕಾದವರು ಇಂದು ನನ್ನ ಐದನೆಯ ತರಗತಿಯಲ್ಲಿ ಕುಳಿತು ‘ರಾಮಃ ರಾಮೌ ರಾಮಾಃ’ ಎಂದು ಒಪ್ಪಿಸುತ್ತಿರುವರು. ಅವರಿಗೆ ಮತವಿಲ್ಲ. ಆದುದರಿಂದ ಅವರ ಮನೆಗೆ ಯಾವ ಕಾರ್ಯಕರ್ತನೂ ಬರುವುದಿಲ್ಲ.

ಆಯಿಗೆ ಕಡೆಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಹೇಳಬೇಕು. ಒಂದು ಸಂಜೆ ಅವರ ಕಟ್ಟೆಯ ಮೇಲೆ ಕುಳಿತು, “ಆಯಿ, ಅದು ನೀವು ದುಡದದ್ದ. ನಿಮ್ಮ ಮೊಮ್ಮಕ್ಕಳ ದುಡಿಯೂದೂ ಅದರಾಗ ಒಂದೀಟ ಐತಿ. ಸಾಹೇಬ್ರದು ಏನೂ ಇಲ್ಲ” ಎಂದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಮೊಮ್ಮಕ್ಕಳದು ನಾ ಹೆಚ್ಚ ತಿನ್ನಬಾರದಲ್ಲ, ಮಾಸ್ತರ್ರ” ಎಂದರು. ತಿಂಗಳಿಗೆ 1,200 ಪಡೆಯುವವರ ಬಾಯಿಂದ ಆ ಮಾತು ಬಂದಿತು. ನಾನು ಏನು ಹೇಳಲಿ? ಕೊನೆಗೆ ನನ್ನ ವಿಷಯದಲ್ಲಿ ಒಂದು ನಿಶ್ಚಯಕ್ಕೆ ಬಂದೆನು: ನಿವೃತ್ತಿಯ ಬಳಿಕ ನಮ್ಮ ಮನೆಗೆ ಬೇಕಾದುದೆಷ್ಟೆಂದು ಮನೆಯವರೊಡನೆ ಕುಳಿತು ಲೆಕ್ಕ ಹಾಕುವುದು, ಮಿಕ್ಕುದರಿಂದ ಈ ಓಣಿಯಲ್ಲಿ ಯಶಸ್ವಿನಿಯ ವಂತಿಗೆ ಕಟ್ಟಲಾರದ ಸಂಘದ ಸದಸ್ಯರ ಪಾಲನ್ನು, ಹೆಸರು ಹೇಳದೆ, ಕಟ್ಟುವುದು. ಮನೆಯವರು ಲೆಕ್ಕಕ್ಕೆ ಒಪ್ಪಿದ್ದಾರೆ. ಮೊತ್ತದ ವಿಷಯದಲ್ಲಿ ಇನ್ನೂ ವಾದ ನಡೆದಿದೆ. ಲಕ್ಕಮ್ಮನ ಪಾತ್ರ ಒಮ್ಮೆ ಅವರದು, ಒಮ್ಮೆ ನನ್ನದು.

ಆಯಿಯ ವೇತನ ಈಗ ಮತ್ತೆ ಬರುತ್ತಿದೆ. ನಿಂತುಹೋದ ಐದು ತಿಂಗಳ ಹಣ ಮಾತ್ರ ಬಂದಿಲ್ಲ. ಮೊನ್ನೆ ಸೋಮವಾರ ಪಾಸ್‌ಬುಕ್ಕನ್ನು ಹಿಡಿದು ಶಾಲೆಗೇ ಬಂದಿದ್ದರು. ತರಗತಿ ಮುಗಿಸಿ, ಅವರ ಹೆಸರನ್ನು ಆಧಾರ ಕಾರ್ಡಿನಲ್ಲಿರುವಂತೆಯೇ ಹ್ರಸ್ವ-ದೀರ್ಘಗಳನ್ನು ನೋಡಿಕೊಂಡು ಇನ್ನೊಂದು ಅರ್ಜಿ ಬರೆದುಕೊಟ್ಟೆನು. ಗುರುವಾರ ನಾಲ್ಕನೆಯ ಸಲ ಹೋಗತಕ್ಕವರಿದ್ದೇವೆ.